ತಿಥಿ ಗೊತ್ತಿಲ್ಲದವರ ದಿನ: ಓಕಿನಾವಾದ ಜೂನ್ 23

ಜಪಾನಿನ ಕ್ಯಾಲೆಂಡರ್‌ನಲ್ಲಿ ಜೂನ್ ತಿಂಗಳಿಗೆ ಒಂದೇ ಒಂದು ಸರ್ಕಾರಿ ರಜೆ ಇಲ್ಲ. ಮೇ ಮೊದಲ ವಾರದ ಗೋಲ್ಡನ್ ವೀಕ್ ಮುಗೀತು ಅಂದ್ರೆ ಜುಲೈ ಮೂರನೇ ಸೋಮವಾರದ ತನಕ ಮಳೆ, ಛತ್ರಿ, ಒದ್ದೆ ಶೂ, ಆಫೀಸು, ಅಷ್ಟೇ. ಆದ್ರೆ ಇದು ಟೋಕಿಯೋ, ಯೊಕೊಹಾಮಾ ಕಡೆಯವರ ಮಾತು. ಟೋಕಿಯೋದಿಂದ 1,500 ಕಿಲೋಮೀಟರಿಗೂ ದೂರ, ನೈಋತ್ಯಕ್ಕೆ, ತೈವಾನ್ ಕಡೆಗೆ ಇರೋ ಓಕಿನಾವಾ ಪ್ರಾಂತ್ಯದಲ್ಲಿ ಜೂನ್ 23 ರಜೆ. ಸ್ಕೂಲು ಬಂದ್, ಪ್ರಾಂತ್ಯದ ಕಚೇರಿ ಬಂದ್, ನಗರಸಭೆ ಬಂದ್, ಆದ್ರೆ ಅದೇ ಬೀದೀಲಿರೋ ಕೇಂದ್ರ ಸರ್ಕಾರದ ಆಫೀಸು ಮಾತ್ರ ಎಂದಿನಂತೆ ಓಪನ್, ಪ್ರೈವೇಟ್ ಕಂಪನಿಗಳೂ ಬಹಳಷ್ಟು ಓಪನ್. ಈ ರಜೆಯ ಹೆಸರು ಇರೇ ನೋ ಹಿ, ಅಂದ್ರೆ 1945ರ ಓಕಿನಾವಾ ಯುದ್ಧದಲ್ಲಿ ಸತ್ತವರ ಆತ್ಮಕ್ಕೆ ಸಮಾಧಾನ ಹೇಳೋ ದಿನ.

ನಾನು ಇದನ್ನ ಪುಸ್ತಕ ಓದಿ ತಿಳ್ಕೊಂಡಿದ್ದಲ್ಲ. ನಮ್ಮ ಆಫೀಸಿನ ಟೀಮಲ್ಲಿ ಓಕಿನಾವಾದ ನಾಹಾ ಊರಿನವರೊಬ್ಬರಿದ್ರು, ಪ್ರತಿ ವರ್ಷ ಅವತ್ತು ತಪ್ಪದೇ ರಜೆ ಹಾಕೋರು, ರಿಲೀಸ್ ಇರ್ಲಿ ಆಡಿಟ್ ಇರ್ಲಿ. ಕೇಳಿದ್ರೆ "ಊರಲ್ಲಿ ಅಜ್ಜನ ಕಡೆಯವರಿಗೆ ನೀರು ಕೊಡಬೇಕು" ಅಂದ್ರು. ನೀರು ಕೊಡಬೇಕು ಅಂದ ತಕ್ಷಣ ನನ್ನ ಕಿವಿ ನೆಟ್ಟಗಾಯ್ತು, ಯಾಕಂದ್ರೆ ನಮ್ಮನೇಲೂ ಹಂಗೇ ಹೇಳೋದು. ಅಜ್ಜನ ಸಾವು ಯಾವತ್ತು ಆಗಿದ್ದು, ಜೂನ್ 23ಕ್ಕಾ ಅಂದೆ. ಗೊತ್ತಿಲ್ಲ ಅಂದ್ರು. ಎಲ್ಲಿ? ಅದೂ ಗೊತ್ತಿಲ್ಲ, ದಕ್ಷಿಣದಲ್ಲಿ ಎಲ್ಲೋ. ಮೂಳೆ? ಸಿಗ್ಲಿಲ್ಲ. ಮತ್ತೆ ಈ ದಿನಾನೇ ಯಾಕೆ ಅಂದ್ರೆ "ಯಾವ ದಿನಾನೂ ಗೊತ್ತಿಲ್ಲದವರಿಗೆ ಈ ದಿನ" ಅಂದು ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದ್ರು.

ನಮ್ಮಲ್ಲಿ ಪಿತೃಪಕ್ಷದ ಕೊನೇ ದಿನ, ಮಹಾಲಯ ಅಮಾವಾಸ್ಯೆ, ಇದಕ್ಕೇ ಇರೋದಲ್ವಾ. ಸತ್ತ ತಿಥಿ ಗೊತ್ತಿಲ್ಲದವರು, ಮನೆಬಿಟ್ಟು ಹೋಗಿ ವಾಪಸ್ ಬರದವರು, ಹೆಸರೇ ನೆನಪಿಲ್ಲದ ಮೂರು ತಲೆಮಾರಿನ ಹಿಂದಿನವರು, ಎಲ್ಲರಿಗೂ ಸೇರಿಸಿ ಅವತ್ತು ಎಡೆ. ನಮಗೆ ಅದು ಪಂಚಾಂಗದವರು ಮಾಡಿಟ್ಟಿರೋ ವ್ಯವಸ್ಥೆ, ಯಾರೂ ವೋಟ್ ಹಾಕಿ ನಿರ್ಧಾರ ಮಾಡಿದ್ದಲ್ಲ. ಓಕಿನಾವಾದಲ್ಲಿ ಮಾತ್ರ ಅಂಥ ಒಂದು ದಿನವನ್ನ ಕಾನೂನು ಮಾಡಿ, ಆಮೇಲೆ ಕಾನೂನು ತಿದ್ದಿ, ಆಮೇಲೆ ಅದೇ ಕಾನೂನು ಕಳ್ಕೊಂಡು, ಮತ್ತೆ ಹೋರಾಡಿ ಪಡ್ಕೊಂಡ್ರು. ಆ ಕತೆ ಹೇಳೋಣ ಅಂತಲೇ ಕೂತಿದೀನಿ.

ಮೊದಲು ಯುದ್ಧ, ಚುಟುಕಾಗಿ. 1945ರ ಮಾರ್ಚ್ 26ಕ್ಕೆ ಅಮೆರಿಕದ ಸೈನ್ಯ ಕೆರಾಮಾ ಅನ್ನೋ ಪುಟ್ಟ ದ್ವೀಪಗಳಿಗೆ ಇಳೀತು, ಏಪ್ರಿಲ್ 1ಕ್ಕೆ ಓಕಿನಾವಾದ ಮುಖ್ಯ ದ್ವೀಪಕ್ಕೆ. ಜಪಾನಿನ 32ನೇ ಸೈನ್ಯ ಶುರಿ ಕೋಟೆಯ ಕೆಳಗೆ ಸುರಂಗ ತೋಡಿ ಕೂತಿತ್ತು. ಗೆಲ್ಲೋದು ಅವರ ಲೆಕ್ಕದಲ್ಲೇ ಇರಲಿಲ್ಲ, ಜಪಾನಿನ ಮುಖ್ಯ ಭೂಭಾಗದ ಮೇಲೆ ದಾಳಿ ಆಗೋದನ್ನ ಎಷ್ಟು ದಿನ ತಳ್ಳಬಹುದೋ ಅಷ್ಟು ತಳ್ಳೋದು, ಅಷ್ಟೇ ಲೆಕ್ಕ. ಮೇ ಕೊನೇಲಿ ಶುರಿ ಕೈಬಿಟ್ಟು ಹೋಗೋ ಹೊತ್ತಿಗೆ ಅಲ್ಲೇ ಶರಣಾಗಿದ್ರೆ ಕತೆ ಬೇರೆ ಇರ್ತಿತ್ತು. ಆದ್ರೆ ಸೈನ್ಯ ದಕ್ಷಿಣದ ತುದಿಗೆ ಹಿಂದೆ ಸರೀತು. ಅಷ್ಟೊತ್ತಿಗೆ ಊರು ಬಿಟ್ಟು ಓಡಿಬಂದ ಜನ ತುಂಬಿದ್ದಿದ್ದೂ ಅದೇ ದಕ್ಷಿಣದಲ್ಲಿ. ಮಳೆಗಾಲ, ಕೆಸರು, ಸುಣ್ಣದಕಲ್ಲಿನ ಗುಹೆಗಳು, ಅವಕ್ಕೆ ಅಲ್ಲಿ ಗಾಮಾ ಅಂತಾರೆ. ಆ ಗಾಮಾಗಳಲ್ಲಿ ಸಿಪಾಯಿಗಳೂ ಜನಗಳೂ ಒಟ್ಟಿಗೆ, ಮೇಲಿಂದ ಹಡಗಿನ ಫಿರಂಗಿ. ಆ ಜೂನ್ ತಿಂಗಳಲ್ಲಿ ಸತ್ತ ಜನಸಾಮಾನ್ಯರ ಸಂಖ್ಯೆ ಭಯಂಕರ. ಪ್ರಾಂತ್ಯದ ಲೆಕ್ಕದ ಪ್ರಕಾರ ಇಡೀ ಯುದ್ಧದಲ್ಲಿ ಸತ್ತವರು 2,00,656. ಅದರಲ್ಲಿ ಓಕಿನಾವಾದವರೇ 1,22,228, ಅವರಲ್ಲೂ ಸುಮಾರು 94,000 ಮಂದಿ ಸಾಮಾನ್ಯ ಜನ. ಅಮೆರಿಕದವರು 12,520. ಓಕಿನಾವಾದ ನಾಲ್ಕು ಜನರಲ್ಲಿ ಒಬ್ಬರು ಸತ್ರು ಅಂತ ಅಲ್ಲಿ ಎಲ್ಲರೂ ಹೇಳ್ತಾರೆ, ಮನೆಮನೆಗೂ ತಟ್ಟಿದೆ ಅಂತ ಅರ್ಥ.

ಒಂದು ವಿಷಯ ಹೇಳ್ದೆ ಮುಂದೆ ಹೋಗಕ್ಕಾಗಲ್ಲ. ಯುದ್ಧದ ಮಧ್ಯೆ 32ನೇ ಸೈನ್ಯ ಒಂದು ಆರ್ಡರ್ ಹೊರಡಿಸ್ತು, ಓಕಿನಾವಾ ಭಾಷೆ ಮಾತಾಡಿದೋರನ್ನ ಗೂಢಚಾರರು ಅಂತ ತಿಳಿದು ಮುಗಿಸಿಬಿಡಿ ಅಂತ. ತನ್ನ ಊರಲ್ಲಿ, ತನ್ನ ಗುಹೇಲಿ, ಅಜ್ಜಿ ತನ್ನ ಭಾಷೇಲಿ ಮೊಮ್ಮಗನನ್ನ ಕರೆದ್ರೆ ಅವಳು ಗೂಢಚಾರಿಣಿ! ಭಾಷೆ ವಿಷಯಕ್ಕೆ ನಾವು ಕನ್ನಡಿಗರು ಎಷ್ಟೆಲ್ಲಾ ಜಗಳ ಆಡ್ತೀವಿ, ಬೋರ್ಡು, ಬ್ಯಾಂಕು, ಮೆಟ್ರೋ ಅಂತ, ಇದನ್ನ ಓದಿದಾಗ ನನಗೆ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ.

ಈಗ ಜೂನ್ 23 ಎಲ್ಲಿಂದ ಬಂತು ಅನ್ನೋದು. ಅವತ್ತು ಬೆಳಗಿನ ಜಾವ ದಕ್ಷಿಣದ ಮಾಬುನಿ ಗುಡ್ಡದ ಗುಹೇಲಿ 32ನೇ ಸೈನ್ಯದ ಸೇನಾಪತಿ ಉಶಿಜಿಮಾ ಮಿತ್ಸುರು ಆತ್ಮಹತ್ಯೆ ಮಾಡ್ಕೊಂಡ. ಅವತ್ತಿಗೆ ಸಂಘಟಿತವಾದ ಹೋರಾಟ ಮುಗೀತು ಅಂತ ಇತಿಹಾಸದ ಲೆಕ್ಕ. ಅವನು ಸತ್ತಿದ್ದು 22ನೇ ತಾರೀಖೋ 23ನೇ ತಾರೀಖೋ ಅನ್ನೋದರಲ್ಲೂ ಒಮ್ಮತ ಇರಲಿಲ್ಲ. ಯುದ್ಧ ಆದ್ಮೇಲೆ ಓಕಿನಾವಾ ಜಪಾನಿನ ಕೈಲಿರಲಿಲ್ಲ, 27 ವರ್ಷ ಅಮೆರಿಕದ ಆಡಳಿತ, ಅದರ ಕೆಳಗೆ ರ್ಯೂಕ್ಯೂ ಸರ್ಕಾರ ಅಂತ ಸ್ಥಳೀಯರದ್ದು. ಆ ಸರ್ಕಾರ 1961ರಲ್ಲಿ ರಜಾದಿನಗಳ ಕಾನೂನು ಮಾಡಿದಾಗ ಇರೇ ನೋ ಹಿಯನ್ನ ಜೂನ್ 22ಕ್ಕೆ ಇಟ್ಟಿತ್ತು. 1965ರಲ್ಲಿ ಅದನ್ನ ತಿದ್ದಿ 23 ಮಾಡ್ತು. ಒಬ್ಬ ಜನರಲ್ಲು ಯಾವ ದಿನ ಪ್ರಾಣ ಬಿಟ್ಟ ಅನ್ನೋದರ ಮೇಲೆ ಇಡೀ ಪ್ರಾಂತ್ಯದ ಶ್ರಾದ್ಧದ ದಿನ ಒಂದು ದಿನ ಮುಂದಕ್ಕೆ ಹೋಯ್ತು.

ಇದನ್ನ ಕೇಳಿದ್ರೆ ಯಾರಿಗಾದ್ರೂ ಕಸಿವಿಸಿ ಆಗತ್ತೆ, ಓಕಿನಾವಾದವರಿಗೂ ಆಗಿದೆ. ಯಾಕಂದ್ರೆ ಆ ಸೇನಾಪತಿ ಸಾಯೋ ಮುಂಚೆ ಕೊಟ್ಟ ಕೊನೇ ಆರ್ಡರ್ ಶರಣಾಗಿ ಅಂತಲ್ಲ, ಉಳಿದಿರೋರಲ್ಲಿ ಹಿರಿಯರು ಯಾರೋ ಅವರ ಕೆಳಗೆ ಸೇರಿ ಕೊನೇ ತನಕ ಹೋರಾಡಿ ಅಂತ. ಹಂಗಾಗಿ ಜೂನ್ 23ಕ್ಕೆ ಯುದ್ಧ ಮುಗೀಲೇ ಇಲ್ಲ, ಮುಗಿಸೋಕೆ ಅಧಿಕಾರ ಇದ್ದೋರು ಸತ್ತುಹೋದ್ರು ಅಷ್ಟೇ. ಗುಹೆಗಳಲ್ಲಿ ಆಮೇಲೂ ಜನ ಸಾಯ್ತಾನೇ ಇದ್ರು. ಕುಮೆಜಿಮಾ ಅನ್ನೋ ದ್ವೀಪದಲ್ಲಿ ಜಪಾನಿನ ನೌಕಾಪಡೆಯ ಒಂದು ತುಕಡಿ ಊರವರನ್ನೇ ಗೂಢಚಾರರು ಅಂತ ಕೊಂದಿದ್ದು ಜೂನ್ ಕೊನೆಯಿಂದ ಶುರುವಾಗಿ, ಚಕ್ರವರ್ತಿ ರೇಡಿಯೋದಲ್ಲಿ ಶರಣಾಗತಿ ಹೇಳಿದ ಆಗಸ್ಟ್ 15ರ ನಂತರವೂ ನಡೀತು, ಒಟ್ಟು 20 ಜನ. ಓಕಿನಾವಾದ ಜಪಾನಿ ಸೈನ್ಯ ಅಧಿಕೃತವಾಗಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು ಸೆಪ್ಟೆಂಬರ್ 7ಕ್ಕೆ, ಈಗ ಕಾಡೆನಾ ವಾಯುನೆಲೆ ಇರೋ ಜಾಗದಲ್ಲಿ. ಓಕಿನಾವಾ ನಗರ, ಅಂದ್ರೆ ಹಿಂದೆ ಕೋಜಾ ಅಂತಿದ್ದ ಊರು, 1993ರಿಂದ ಆ ಸೆಪ್ಟೆಂಬರ್ 7ನ್ನೇ ತನ್ನ ಶಾಂತಿಯ ದಿನ ಅಂತ ಇಟ್ಕೊಂಡಿದೆ. ಅವರ ವಾದ ನನಗೆ ಸರಿ ಅನ್ಸತ್ತೆ. ಇತಿಹಾಸದ ಪರೀಕ್ಷೆ ಬರೆದ್ರೆ ಜೂನ್ 23 ತಪ್ಪು ಉತ್ತರ.

ಆದ್ರೂ ಆ ದಿನವೇ ಉಳೀತು. ಯಾಕೆ ಅನ್ನೋದು ನನಗೆ ಅರ್ಥ ಆಗಿದ್ದು ಒಂದು ಸಣ್ಣ ವಿಷಯದಿಂದ. ಜಪಾನಿನಲ್ಲಿ ಪ್ರತಿ ಕುಟುಂಬಕ್ಕೂ ಒಂದು ರಿಜಿಸ್ಟರ್ ಇರತ್ತೆ, ಹುಟ್ಟು, ಮದುವೆ, ಸಾವು ಎಲ್ಲ ಅದರಲ್ಲೇ. ಓಕಿನಾವಾದ ಮುಖ್ಯ ದ್ವೀಪದಲ್ಲಿ ಆ ರಿಜಿಸ್ಟರುಗಳೇ ಯುದ್ಧದಲ್ಲಿ ಸುಟ್ಟು ಹೋದವು. ಆಮೇಲೆ ನೆನಪಿನಿಂದ, ಅಕ್ಕಪಕ್ಕದವರ ಸಾಕ್ಷಿಯಿಂದ ಮತ್ತೆ ಬರೆಸಿದ್ರು. ಸಾವಿನ ದಿನ ಅಂತ ಒಂದು ಕಾಲಂ ಇರತ್ತಲ್ಲ, ಅದಕ್ಕೆ ಏನು ಬರೀಬೇಕು? ಅಮ್ಮನ ಜೊತೆ ಹೊರಟ ತಂಗಿ ಯಾವ ಗುಹೇಲಿ ಯಾವ ರಾತ್ರಿ ಹೋದ್ಲು ಅಂತ ನೋಡಿದವರೂ ಸತ್ತಿದ್ರೆ? ಜೂನ್ ಅಂತ ಒಂದು ಅಂದಾಜು. ಹಂಗೆ ಮನೆಮನೆಯಲ್ಲೂ ಒಂದು ಅಂದಾಜಿನ ಜೂನ್ ಇತ್ತು. ಸರ್ಕಾರ ಸೇನಾಪತಿಯ ಸಾವಿಗೆ ಗುರುತಿಸಿದ ದಿನದೊಳಗೆ ಜನ ತಮ್ಮ ಸತ್ತವರನ್ನ ತಂದು ಕೂರಿಸಿದ್ರು. ಈಗ ಅವತ್ತು ಮಾಬುನಿಗೆ ಬರೋರಲ್ಲಿ ಉಶಿಜಿಮಾನ ಹೆಸರು ತೆಗೆಯೋರು ಬಹಳ ಕಮ್ಮಿ. ಹಂಗಂತ ದಿನಾಂಕದ ಆಕ್ಷೇಪ ಸುಳ್ಳಾಗಲ್ಲ, ಎರಡೂ ಒಟ್ಟಿಗೆ ಇದ್ದಾವೆ, ಇರ್ಲಿ ಬಿಡಿ.

ಶುರುವಿನ ಕಾಲದಲ್ಲಿ ಕಾನೂನೂ ಇಲ್ಲ, ದಿನವೂ ಇಲ್ಲ, ಬರೀ ಮೂಳೆ. ಇದು ಈ ಕತೆಯಲ್ಲಿ ನನ್ನನ್ನ ಅತಿ ಹೆಚ್ಚು ಕಾಡಿರೋ ಭಾಗ. ಮಾವಾಶಿ ಅನ್ನೋ ಊರಿನ ಜನಕ್ಕೆ ಯುದ್ಧ ಆದ್ಮೇಲೆ ತಮ್ಮ ಊರಿಗೆ ವಾಪಸ್ ಹೋಗಕ್ಕೆ ಬಿಡಲಿಲ್ಲ, ದಕ್ಷಿಣದ ಕೊಮೆಸು ಹತ್ರ ತಂದು ಬಿಟ್ರು. ಅಲ್ಲಿ ನೋಡಿದ್ರೆ ಹೊಲದಲ್ಲಿ, ಕಾಲುದಾರೀಲಿ, ಬಾವಿ ಹತ್ರ, ಎಲ್ಲೆಲ್ಲೂ ಮೂಳೆ. ಗೆಣಸು ನೆಡೋಕೆ ಗುದ್ದಲಿ ಹಾಕಿದ್ರೆ ಮೂಳೆ. ಊರಿನ ಮುಖ್ಯಸ್ಥ ಕಿಂಜೊ ವಾಶಿನ್ ಅಂತ, ಅವರ ಇಬ್ಬರು ಹೆಣ್ಣುಮಕ್ಕಳೂ ಯುದ್ಧದಲ್ಲಿ ಹೋಗಿದ್ರು. ಅವರು ಜನರನ್ನ ಕಟ್ಕೊಂಡು ಮೂಳೆ ಆರಿಸೋಕೆ ಹೊರಟ್ರು. ಅಮೆರಿಕದ ಸೈನ್ಯಕ್ಕೆ ಇದರ ಮೇಲೆ ಅನುಮಾನ, ಯುದ್ಧದ ನೆನಪನ್ನ ಎತ್ತಿ ಕೆಣಕ್ತಾರೇನೋ ಅಂತ. ಒಪ್ಪಿಗೆ ಸಿಕ್ಕಮೇಲೆ ಆರಿಸಿದ ಮೂಳೆ ಎಲ್ಲ ಒಂದು ಕಡೆ ಗುಡ್ಡೆ ಹಾಕಿ, ಸುತ್ತ ಕಲ್ಲು ಕಟ್ಟಿ, 1946ರಲ್ಲಿ ಒಂದು ಸ್ಮಾರಕ ಮಾಡಿದ್ರು, ಕೊಂಪಾಕು ನೋ ತೋ ಅಂತ. ಸುಮಾರು 35,000 ಜನರ ಮೂಳೆ. ಅದರಲ್ಲಿ ಯಾರದ್ದು ಯಾವುದು, ಓಕಿನಾವಾದವನಾ, ಹೊಕ್ಕೈಡೋ ಸಿಪಾಯಿನಾ, ಅಮೆರಿಕನ್ನಾ, ಕೊರಿಯಾದಿಂದ ಕೂಲಿಗೆ ಎಳ್ಕೊಂಡು ಬಂದವನಾ, ಯಾರಿಗೂ ಗೊತ್ತಿಲ್ಲ. ವಿಂಗಡಿಸೋಕೆ ಸಾಧ್ಯವಿರಲಿಲ್ಲ, ವಿಂಗಡಿಸಲೂ ಇಲ್ಲ.

ಅದೇ ವರ್ಷ ಕಿಂಜೊ ಮತ್ತು ಅವರ ಹೆಂಡತಿ ಹಿಮೆಯೂರಿ ಸ್ಮಾರಕವನ್ನೂ ಕಟ್ಟಿದ್ರು. ಹಿಮೆಯೂರಿ ಅಂದ್ರೆ ಎರಡು ಹೆಣ್ಣುಮಕ್ಕಳ ಶಾಲೆಗಳಿಂದ ಸೈನ್ಯದ ಆಸ್ಪತ್ರೆಗೆ ನರ್ಸಿಂಗ್ ಕೆಲಸಕ್ಕೆ ಅಂತ ಕರ್ಕೊಂಡು ಹೋದ ವಿದ್ಯಾರ್ಥಿನಿಯರು, ಮೇಷ್ಟ್ರುಗಳೂ ಸೇರಿ 240 ಮಂದಿ. ಅವರಲ್ಲಿ 136 ಮಂದಿ ವಾಪಸ್ ಬರಲಿಲ್ಲ. ಇದರಲ್ಲಿ ಹೊಟ್ಟೆ ಉರಿಸೋ ವಿಷಯ ಏನಂದ್ರೆ ಸತ್ತವರಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತಿದ್ದು ಜೂನ್ 18ರ ನಂತರ. ಅವತ್ತು ರಾತ್ರಿ "ನಿಮ್ಮ ತಂಡ ವಿಸರ್ಜನೆ ಆಗಿದೆ, ಇನ್ಮೇಲೆ ನಿಮ್ಮ ದಾರಿ ನೀವು ನೋಡ್ಕೊಳಿ" ಅಂತ ಗುಂಡಿನ ಮಳೆಯ ಮಧ್ಯಕ್ಕೆ ಹೊರಗೆ ಕಳಿಸಿದ್ರು. ಹದಿನಾರು ಹದಿನೇಳು ವಯಸ್ಸಿನ ಹುಡುಗಿಯರು. ಬದುಕಿ ಉಳಿದವರು ದಶಕಗಟ್ಟಲೆ ಬಾಯಿ ಬಿಡಲಿಲ್ಲ, ತಾವು ಬದುಕಿದ್ದೇ ತಪ್ಪು ಅನ್ನೋ ಹಂಗೆ. ಆಮೇಲೆ ಅವರೇ ಓಡಾಡಿ 1989ರ ಜೂನ್ 23ಕ್ಕೆ ಮ್ಯೂಸಿಯಂ ತೆರೆದ್ರು, ದಿನಾ ಬಂದು ಮಕ್ಕಳ ಮುಂದೆ ನಿಂತು ಹೇಳಿದ್ರು, 2015ರ ಮಾರ್ಚ್‌ನಲ್ಲಿ ವಯಸ್ಸಾಯ್ತು ಇನ್ನು ಆಗಲ್ಲ ಅಂತ ಆ ಉಪನ್ಯಾಸ ನಿಲ್ಲಿಸಿದ್ರು.

ಬಾಯಿ ಬಿಡದೇ ಇದ್ದಿದ್ದಕ್ಕೆ ಇನ್ನೊಂದು ಕಾರಣಾನೂ ಇರಬಹುದು ಅಂತ ನನ್ನ ಗುಮಾನಿ. ಓಕಿನಾವಾದ ಸಂಪ್ರದಾಯದಲ್ಲಿ ಸತ್ತವರಿಗೆ 33ನೇ ವರ್ಷಕ್ಕೆ ಕೊನೇ ಕಾರ್ಯ. ಅದು ಆದ್ಮೇಲೆ ಆ ವ್ಯಕ್ತಿ ಒಬ್ಬ ವ್ಯಕ್ತಿಯಾಗಿ ಉಳಿಯಲ್ಲ, ಪಿತೃದೇವತೆಗಳಲ್ಲಿ ಸೇರಿಹೋಗ್ತಾನೆ, ನಮ್ಮಲ್ಲಿ ಸಪಿಂಡೀಕರಣದಲ್ಲಿ ಪ್ರೇತ ಹೋಗಿ ಪಿತೃ ಆಗೋದಿಲ್ವಾ ಹಂಗೆ, ಆದ್ರೆ ಇವರದ್ದು ನಿಧಾನ. 1945ರಲ್ಲಿ ಸತ್ತವರಿಗೆ ಆ 33ನೇ ವರ್ಷದ ಕಾರ್ಯ ಬಂದಿದ್ದು 1977ರಲ್ಲಿ. ಆ ವರ್ಷ ದ್ವೀಪದ ತುಂಬ ಮನೆಮನೆಯಲ್ಲೂ ಕಾರ್ಯ. ಮೂಳೆ ಸಿಗದವರು ಸತ್ತಿರಬಹುದು ಅನ್ನೋ ಜಾಗಕ್ಕೆ ಹೋಗಿ ಒಂದು ಕಲ್ಲು ಎತ್ತಿ ತಂದು, ಅದನ್ನೇ ಸಮಾಧಿಯ ಕುಡಿಕೇಲಿ ಇಟ್ಟವರಿದ್ದಾರೆ. ಅದಾದ್ಮೇಲೇ ಬಹಳ ಜನ ನಿಧಾನಕ್ಕೆ ಮಾತಾಡೋಕೆ ಶುರುಮಾಡಿದ್ದು.

ಕಾನೂನಿನ ಕತೆಗೆ ವಾಪಸ್ ಬರೋಣ. 1972ರ ಮೇ 15ಕ್ಕೆ ಓಕಿನಾವಾ ಜಪಾನಿಗೆ ವಾಪಸ್ ಸೇರ್ತು. ಊರಿಗೆ ಊರೇ ಕಾದಿದ್ದ ದಿನ. ಸೇರಿದ ಕೂಡಲೇ ಜಪಾನಿನ ಕಾನೂನು ಜಾರಿ, ಜಪಾನಿನ ರಜಾಪಟ್ಟಿ ಜಾರಿ, ಅದರಲ್ಲಿ ಇರೇ ನೋ ಹಿ ಇಲ್ಲ! ಅಮೆರಿಕದವರ ಕೈಕೆಳಗಿದ್ದಾಗ ಇದ್ದ ರಜೆ ಸ್ವಂತ ದೇಶಕ್ಕೆ ಬಂದ ಕೂಡಲೇ ಮಾಯ. 1974ರಲ್ಲಿ ಪ್ರಾಂತ್ಯದ ವಿಧಾನಸಭೆ ತನ್ನದೇ ನಿಯಮ ಮಾಡಿ ಆ ದಿನವನ್ನ ಉಳಿಸ್ಕೊಳ್ತು. ಅಲ್ಲಿಗೆ ಮುಗೀತು ಅನ್ಕೊಂಡ್ರೆ 1980ರ ದಶಕದ ಕೊನೆಗೆ ಕೇಂದ್ರ ಸರ್ಕಾರ ಸ್ಥಳೀಯ ಆಡಳಿತದ ಕಾನೂನು ತಿದ್ದಿ, ದೇಶದ ಪಟ್ಟೀಲಿಲ್ಲದ ರಜೆಗೆ ಸ್ಥಳೀಯ ಕಚೇರಿಗಳು ಮುಚ್ಚೋ ಹಂಗಿಲ್ಲ ಅನ್ನೋ ಪರಿಸ್ಥಿತಿ ತಂದಿಡ್ತು. ಬೇಕಂತ ಮಾಡಿದ್ದಲ್ಲ, ಶನಿವಾರದ ರಜೆ ಗಿಜೆ ಎಲ್ಲ ಒಂದೇ ಅಳತೆಗೆ ತರೋಣ ಅಂತ ಯಾರೋ ಅಧಿಕಾರಿಗಳು ಕೂತು ಮಾಡಿದ್ದು, ಅದಕ್ಕೇ ಇನ್ನೂ ಬೇಜಾರು. ಸತ್ತವರ ಕುಟುಂಬದವರು ಬೀದಿಗಿಳಿದ್ರು, ಪತ್ರ ಬರೆದ್ರು, ಟೋಕಿಯೋಗೆ ಹೋಗಿ ಬಾಗಿಲು ತಟ್ಟಿದ್ರು. 1990ರಲ್ಲಿ ಪ್ರಧಾನಿ ಕೈಫು ತೊಶಿಕಿ ಜೂನ್ 23ರ ಸಭೆಗೆ ಬಂದ್ರು, ಅಧಿಕಾರದಲ್ಲಿರೋ ಪ್ರಧಾನಿ ಒಬ್ಬರು ಬಂದಿದ್ದು ಅದೇ ಮೊದಲು, ಯುದ್ಧ ಆಗಿ 45 ವರ್ಷ ಆದ್ಮೇಲೆ. 1991ರಲ್ಲಿ ಕಾನೂನಿಗೆ ಇನ್ನೊಂದು ತಿದ್ದುಪಡಿ ಬಂತು, ವಿಶೇಷ ಚಾರಿತ್ರಿಕ ಕಾರಣ ಇದ್ರೆ ಸ್ಥಳೀಯ ಸರ್ಕಾರ ತನ್ನದೇ ರಜೆ ಇಟ್ಕೋಬಹುದು ಅಂತ. ಈಗ ನಡೀತಿರೋದು ಆ ಕಲಮಿನ ಮೇಲೆ.

ನಾನು ಹೋಗಿದ್ದ ವರ್ಷ ಮಳೆಗಾಲ ಆಗಷ್ಟೇ ಮುಗಿದಿತ್ತು. ಓಕಿನಾವಾದಲ್ಲಿ ಮಳೆಗಾಲ ಮುಗಿಯೋದೇ ಸುಮಾರಾಗಿ ಈ ದಿನದ ಆಸುಪಾಸು. ಬೆಳಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ತಿತ್ತು. ಮಾಬುನಿಯ ಪೀಸ್ ಮೆಮೋರಿಯಲ್ ಪಾರ್ಕ್ ಸಮುದ್ರಕ್ಕೆ ಮುಖ ಮಾಡಿರೋ ಬಂಡೆಯ ಮೇಲಿದೆ, ಕೆಳಗಡೆ ನೀಲಿ ಅಂದ್ರೆ ನೀಲಿ, ಟೂರಿಸಂ ಪೋಸ್ಟರಲ್ಲಿ ಇರೋ ಹಂಗೇ. ಅಲ್ಲಿರೋ ಕರೀ ಕಲ್ಲಿನ ಗೋಡೆಗಳ ಹೆಸರು ಹೇಇವಾ ನೋ ಇಶಿಜಿ. 1995ರ ಜೂನ್ 23ಕ್ಕೆ ಇದನ್ನ ತೆರೆದಿದ್ದು, ಆಗ ಗವರ್ನರ್ ಆಗಿದ್ದ ಓತಾ ಮಸಾಹಿದೆಯವರ ಕಾಲದ ಕೆಲಸ. ಅವರು ಸ್ವತಃ ವಿದ್ಯಾರ್ಥಿ ಆಗಿದ್ದಾಗ ಸೈನ್ಯಕ್ಕೆ ಎಳೆಸ್ಕೊಂಡು ಬದುಕಿ ಬಂದವರು. ಗೋಡೆಗಳು ಮಡಚೋ ಪರದೆಯ ಹಂಗೆ ಅಂಕುಡೊಂಕಾಗಿ ಸಮುದ್ರದ ಕಡೆ ಸಾಲಾಗಿವೆ, ಮಧ್ಯದ ದಾರಿ ಜೂನ್ 23ರ ಸೂರ್ಯ ಹುಟ್ಟೋ ದಿಕ್ಕಿಗೆ ಸರಿಯಾಗಿ ಇದೆ. ಮಧ್ಯದಲ್ಲಿ ಒಂದು ಜ್ಯೋತಿ, ಅದಕ್ಕೆ ಬೆಂಕಿ ತಂದಿದ್ದು ಅಮೆರಿಕದವರು ಮೊದಲು ಇಳಿದ ಕೆರಾಮಾದ ಆಕಾ ದ್ವೀಪದಿಂದ, ಹಿರೋಶಿಮಾದಿಂದ, ನಾಗಾಸಾಕಿಯಿಂದ.

ಆ ಗೋಡೆಗಳ ಮೇಲೆ ಕೆತ್ತಿರೋ ಸತ್ತವರ ಹೆಸರುಗಳು 2 ಲಕ್ಷ 42 ಸಾವಿರ ದಾಟಿವೆ. ಯಾವ ದೇಶ, ಸಿಪಾಯಿನಾ ಅಲ್ವಾ, ಯಾವುದೂ ಭೇದ ಇಲ್ಲ. ಅಮೆರಿಕದವರ ಹೆಸರೇ 14 ಸಾವಿರಕ್ಕೂ ಹೆಚ್ಚು, ಬ್ರಿಟಿಷರು 82, ತೈವಾನಿನವರು, ಕೊರಿಯಾದವರು. ಉಶಿಜಿಮಾನ ಹೆಸರೂ ಇದೆ, ಅವನ ವಿರುದ್ಧ ಸೈನ್ಯ ನಡೆಸಿ ಅವನಿಗಿಂತ ಐದು ದಿನ ಮುಂಚೆ ಫಿರಂಗಿ ಗುಂಡಿಗೆ ಸತ್ತ ಅಮೆರಿಕದ ಜನರಲ್ ಬಕ್ನರ್ ಹೆಸರೂ ಇದೆ. ಕೊಂದವನನ್ನೂ ಸತ್ತವಳನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಕೆತ್ತೋದು ಸರಿನಾ ಅಂತ ಕೇಳೋರಿದ್ದಾರೆ. ಕೊರಿಯಾದ ಕೆಲವು ಕುಟುಂಬಗಳು ನಮ್ಮವರ ಹೆಸರು ಅಲ್ಲಿ ಬೇಡವೇ ಬೇಡ ಅಂದಿವೆ, ಬಲವಂತವಾಗಿ ಎಳ್ಕೊಂಡು ಹೋದವರ ಜೊತೆಗೇ ಎಳೆಸ್ಕೊಂಡು ಹೋದವನ ಹೆಸರು ಯಾಕೆ ಅಂತ. ಅವರನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ.

ಓಕಿನಾವಾದ ಊರುಗಳ ಗೋಡೆ ಮುಂದೆ ನಿಂತಾಗ ಇನ್ನೊಂದು ಕಾಣತ್ತೆ. ಕೆಲವು ಕಡೆ ಹೆಸರಿನ ಜಾಗದಲ್ಲಿ ಇಂಥವರ ಮಗು, ಇಂಥವರ ಹಿರೀಮಗ ಅಂತಷ್ಟೇ ಇದೆ. ಹೆಸರಿಡೋ ಮುಂಚೆನೇ ಸತ್ತಿರಬಹುದು, ಅಥವಾ ಹೆಸರು ಗೊತ್ತಿದ್ದೋರು ಯಾರೂ ಉಳಿದಿಲ್ಲ. ಒಂದೇ ಮನೆಯ ಏಳೆಂಟು ಹೆಸರು ಸಾಲಾಗಿ. ನನ್ನ ಪಕ್ಕದಲ್ಲಿ ಒಂದು ಸಂಸಾರ ಚಾಪೆ ಹಾಕ್ಕೊಂಡು ಕೂತಿತ್ತು, ಡಬ್ಬಿ ಬಿಚ್ಚಿ ಅನ್ನದ ಉಂಡೆ, ಹಣ್ಣು, ಸಿಹಿ ಎಲ್ಲ ಕಲ್ಲಿನ ಮುಂದೆ ಇಟ್ಟು, ಬಾಟಲಿ ನೀರನ್ನ ಹೆಸರಿನ ಮೇಲಿಂದ ಇಳಿಬಿಟ್ಟು, ಕೈಯಿಂದ ಸವರ್ತಿದ್ರು. ಮಕ್ಕಳು ಆಟ ಆಡ್ತಿದ್ವು, ಒಬ್ಬ ಮಾವ ಫೋನಲ್ಲಿ ಮಾತಾಡ್ತಿದ್ದ. ನೀರು ಯಾಕೆ ಅಂದ್ರೆ ಆ ಗುಹೆಗಳಲ್ಲಿ ಜನ ನೀರು ನೀರು ಅಂತಲೇ ಸತ್ತರು. ನಾನೂ ಸುಮ್ನೆ ನಿಂತ್ಕೊಂಡಿದ್ದೆ, ಅಜ್ಜಿಯೊಬ್ಬರು ನನ್ನನ್ನ ನೋಡಿ ಒಂದು ಕಿತ್ತಳೆ ಕೊಟ್ರು, ಪ್ರಸಾದ ಅನ್ನೋ ಹಂಗೆ.

ಮಧ್ಯಾಹ್ನ 12ಕ್ಕೆ ಒಂದು ನಿಮಿಷ ಮೌನ. ಸಭೇಲಿ ಗವರ್ನರ್ ಶಾಂತಿ ಘೋಷಣೆ ಓದ್ತಾರೆ, ಪ್ರಧಾನಿ ಭಾಷಣ ಮಾಡ್ತಾರೆ, ಮಧ್ಯದಲ್ಲಿ ಶಾಲೆಯ ಒಂದು ಮಗು ತಾನೇ ಬರೆದ ಕವಿತೆ ಓದತ್ತೆ. ಜನ ಕಾಯೋದು ಆ ಕವಿತೆಗೆ. ಗವರ್ನರ್ ಮಾತಿಗೆ ಚಪ್ಪಾಳೆ ಬೀಳತ್ತೆ, ಪ್ರಧಾನಿ ಮಾತಿಗೆ ಕೆಲವು ವರ್ಷ ಕೂಗಾಟ ಬಿದ್ದಿದೆ, 2015ರಲ್ಲಿ ಆಗಿನ ಪ್ರಧಾನಿ ಅಬೆಗೆ ವಯಸ್ಸಾದವರೇ ಎದ್ದು ಕೂಗಿದ್ರು. ಅದಕ್ಕೆ ಕಾರಣ ಹುಡುಕೋಕೆ ಬಹಳ ದೂರ ಹೋಗಬೇಕಿಲ್ಲ, ಜಪಾನಿನ ಒಟ್ಟು ನೆಲದಲ್ಲಿ ಓಕಿನಾವಾ 0.6 ಪರ್ಸೆಂಟ್, ಆದ್ರೆ ದೇಶದಲ್ಲಿ ಅಮೆರಿಕದ ಸೈನ್ಯಕ್ಕೇ ಅಂತ ಮೀಸಲಾದ ನೆಲೆಗಳ ಜಾಗದಲ್ಲಿ ಸುಮಾರು 70 ಪರ್ಸೆಂಟ್ ಅಲ್ಲೇ ಇದೆ. ಯುದ್ಧದ ವೇಳೆ ನೌಕಾಪಡೆಯ ಓತಾ ಮಿನೋರು ಅನ್ನೋ ಅಧಿಕಾರಿ ಸಾಯೋ ಮುಂಚೆ, ಜೂನ್ 6ಕ್ಕೆ, ಟೋಕಿಯೋಗೆ ಒಂದು ತಂತಿ ಕಳಿಸಿದ್ದ. ಈ ಜನ ಹೀಗೆಲ್ಲಾ ಹೋರಾಡಿದಾರೆ, ಮುಂದಿನ ಕಾಲದಲ್ಲಿ ಇವರ ಬಗ್ಗೆ ವಿಶೇಷ ಕಾಳಜಿ ತೋರಿಸಿ ಅಂತ. ಆ ವಿಶೇಷ ಕಾಳಜಿ ಇದೇನಾ ಅಂತ ಓಕಿನಾವಾದವರು ಈಗ್ಲೂ ವ್ಯಂಗ್ಯವಾಗಿ ಕೇಳ್ತಾರೆ.

ಇನ್ನು ಜಪಾನಿನ ಉಳಿದ ಭಾಗದವರಿಗೆ ಇದೆಲ್ಲ ಗೊತ್ತಾ ಅಂದ್ರೆ, ನಮ್ಮ ಆಫೀಸಿನ ಅನುಭವದಲ್ಲಿ, ಹೆಚ್ಚಿನವರಿಗೆ ಇಲ್ಲ. ಹಿರೋಶಿಮಾ, ನಾಗಾಸಾಕಿ, ಶರಣಾಗತಿಯ ದಿನಗಳಾದ ಆಗಸ್ಟ್ 6, 9, 15 ಎಲ್ಲರಿಗೂ ಗೊತ್ತು. ಈಗ ನಿವೃತ್ತರಾಗಿರೋ ಅಕಿಹಿತೊ ಯುವರಾಜ ಆಗಿದ್ದಾಗ, 1981ರಲ್ಲಿ, ಜಪಾನಿಯರು ಮರೀಬಾರದ ದಿನಗಳು ನಾಲ್ಕು ಅಂತ ಹೇಳಿ ಆ ಮೂರರ ಜೊತೆ ಜೂನ್ 23ನ್ನೂ ಸೇರಿಸಿದ್ರು. 1975ರಲ್ಲಿ ಹಿಮೆಯೂರಿ ಸ್ಮಾರಕದ ಮುಂದೆ ಅವರ ಮೇಲೇ ಪೆಟ್ರೋಲ್ ಬಾಂಬ್ ಎಸೆದಿದ್ರು, ಆದ್ರೂ ಆಮೇಲೆ ಮತ್ತೆ ಮತ್ತೆ ಹೋದ್ರು. ರಾಜಮನೆತನದ ಬಗ್ಗೆ ನನಗೆ ಹೇಳಿಕೊಳ್ಳೋ ಅಂಥ ಭಕ್ತಿ ಏನಿಲ್ಲ, ಆದ್ರೆ ಆ ವಿಷಯಕ್ಕೆ ಅವರ ಮೇಲೆ ಗೌರವ ಇದೆ.

ಮೂಳೆ ಇನ್ನೂ ಸಿಗ್ತಾನೇ ಇದೆ. ಗುಶಿಕೆನ್ ತಾಕಾಮಾತ್ಸು ಅನ್ನೋರು ದಶಕಗಳಿಂದ ಗುಹೆಗಳಿಗೆ ಇಳಿದು ಮೂಳೆ ಆರಿಸ್ತಾ ಇದ್ದಾರೆ, ಸಂಬಳ ಇಲ್ಲ, ಸರ್ಕಾರದ ಕೆಲಸ ಅಲ್ಲ. ಹೆನೊಕೊ ಅನ್ನೋ ಕಡೆ ಸಮುದ್ರ ತುಂಬಿಸಿ ಅಮೆರಿಕದ ಹೊಸ ನೆಲೆ ಕಟ್ತಿದ್ದಾರಲ್ಲ, ಅದಕ್ಕೆ ಈ ದಕ್ಷಿಣದ ಮಣ್ಣನ್ನೂ ತೆಗೀಬಹುದು ಅಂತ ಸರ್ಕಾರದ ಪ್ಲಾನಲ್ಲಿ ಬಂದಾಗ ಅವರು 2021ರ ಮಾರ್ಚ್‌ನಲ್ಲಿ ಪ್ರಾಂತ್ಯದ ಕಚೇರಿ ಮುಂದೆ ಉಪವಾಸ ಕೂತ್ರು. ಅವರ ವಾದ ಬಹಳ ಸರಳ, ಆ ಮಣ್ಣಲ್ಲಿ ಜನ ಇದ್ದಾರೆ, ಅದನ್ನ ತಗೊಂಡು ಹೋಗಿ ಇನ್ನೊಂದು ಯುದ್ಧನೆಲೆಯ ಕೆಳಗೆ ಹಾಕಬೇಡಿ. ಇದರಲ್ಲಿ ಎಡ ಬಲ ಏನೂ ಇಲ್ಲ ಅಂತ ನನಗನ್ಸತ್ತೆ, ಸ್ಮಶಾನದ ಮಣ್ಣು ತೆಗೆದು ರಸ್ತೆಗೆ ಹಾಕ್ತೀವಿ ಅಂದ್ರೆ ನಮ್ಮೂರಲ್ಲಿ ಸುಮ್ನಿರ್ತಾರಾ?

ಒಂದು ಚಾವಟಿಯ ಹಂಗೆ ನೆನಪಲ್ಲಿ ಉಳಿದಿರೋದು ಯೊಮಿತಾನ್ ಕಡೆಯ ಎರಡು ಗುಹೆಗಳ ವಿಷಯ. ಚಿಬಿಚಿರಿ ಅನ್ನೋ ಗುಹೇಲಿ ಅಮೆರಿಕದವರು ಬಂದ ಮಾರನೇ ದಿನ 80ಕ್ಕೂ ಹೆಚ್ಚು ಜನ ಒಬ್ಬರನ್ನೊಬ್ಬರು ಕೊಂದುಕೊಂಡು ಸತ್ತರು, ಸಿಕ್ಕಿಬಿದ್ರೆ ಚಿತ್ರಹಿಂಸೆ ಕೊಡ್ತಾರೆ ಅಂತ ಸೈನ್ಯ ತಲೆಗೆ ತುಂಬಿತ್ತು. ಅಲ್ಲಿಂದ ಬಹಳ ದೂರ ಇಲ್ಲದ ಶಿಮುಕು ಗುಹೇಲಿ ಸುಮಾರು 1,000 ಜನ ಬದುಕಿದ್ರು, ಕಾರಣ ಇಷ್ಟೇ, ಅವರಲ್ಲಿ ಇಬ್ಬರು ಹಿಂದೆ ಹವಾಯಿಗೆ ಕೂಲಿಗೆ ಹೋಗಿ ಬಂದಿದ್ರು, ಅಮೆರಿಕದವರೂ ಮನುಷ್ಯರೇ ಅಂತ ಗೊತ್ತಿತ್ತು, ಹೊರಗೆ ಹೋಗಿ ಮಾತಾಡಿದ್ರು. ಅಲ್ಲಿನ ಶಾಲೆ ಮಕ್ಕಳಿಗೆ ಜೂನ್ ತಿಂಗಳ ಪಾಠದಲ್ಲಿ ಈ ಎರಡೂ ಗುಹೆ ಬರತ್ತೆ, ಕೆಲವು ಮಕ್ಕಳನ್ನ ಗುಹೆ ಒಳಗೆ ಕರ್ಕೊಂಡು ಹೋಗಿ ಟಾರ್ಚ್ ಆರಿಸಿ ಕೂರಿಸ್ತಾರೆ.

ಹೋಗೋರಿದ್ರೆ ಒಂದೆರಡು ಮಾತು. ನಾಹಾದಿಂದ 89 ನಂಬರ್ ಬಸ್ಸಲ್ಲಿ ಇತೋಮಾನ್, ಅಲ್ಲಿ ಇಳಿದು 82 ಹತ್ತಿದ್ರೆ ಹಿಮೆಯೂರಿ ಮ್ಯೂಸಿಯಂ, ಅದೇ ಬಸ್ಸಲ್ಲಿ ಮುಂದೆ ಮಾಬುನಿ ಪಾರ್ಕ್. 82 ಗಂಟೆಗೊಂದು ಸಿಕ್ಕಿದ್ರೆ ಪುಣ್ಯ, ಟೈಮ್‌ಟೇಬಲ್ ಫೋಟೋ ಹೊಡ್ಕೊಂಡಿರಿ. ಜೂನ್ 23ರಂದು ಪ್ರಧಾನಿ ಬರೋದರಿಂದ ಮಧ್ಯಾಹ್ನದ ತನಕ ಪೊಲೀಸರ ಚೆಕಿಂಗ್ ಜಾಸ್ತಿ, ಬ್ಯಾಗ್ ಬಿಚ್ಚಿಸ್ತಾರೆ. ಕೊಂಪಾಕು ಸ್ಮಾರಕಕ್ಕೆ ಭಾಷಣ ಇಲ್ಲ, ಟಿವಿ ಕ್ಯಾಮೆರಾ ಕಮ್ಮಿ, ಮೂಳೆ ಎಲ್ಲಿದೆ ಅಂತ ಗೊತ್ತಿಲ್ಲದ ಮನೆಯವರು ಬೆಳಗಿನಿಂದಲೇ ಅಲ್ಲಿಗೆ ಬರ್ತಾ ಇರ್ತಾರೆ, ಟೈಮ್ ಕಮ್ಮಿ ಇದ್ರೆ ಪಾರ್ಕಿಗಿಂತ ಮೊದಲು ಅಲ್ಲಿಗೆ ಹೋಗಿ. ಬಿಸಿಲಿಗೆ ಟೋಪಿ ಮರೀಬೇಡಿ.